ಬೆಂಗಳೂರಿಗೆ ಅನಿಲ ಬಂದ ದಾರಿ

ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಈಗ ಅಡಿಗೆ ಅನಿಲ ನೀರಿನಂತೆ ಕೊಳವೆಯಲ್ಲೇ ಮನೆಗೆ ಬರುತ್ತದೆ. ಸಿಲಿಂಡರಿನಲ್ಲಿರುವುದು ಪ್ರೋಪೇನ್ ಮತ್ತು ಬ್ಯೂಟೇನ್. ಕೊಳವೆಯಲ್ಲಿ ಬರುವುದು ಬಹುಮಟ್ಟಿಗೆ ಮೀಥೇನ್. ಮೀಥೇನನ್ನೂ ಸಿಲಿಂಡರಿಗೆ ದ್ರವರೂಪದಲ್ಲಿ ತುಂಬಬಾರದೇಕೆ? ಅದರ ಕ್ರಾಂತಿಕ ತಾಪ ಸುಮಾರು -82 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲಿನ ತಾಪದಲ್ಲಿ ಎಷ್ಟೇ ಒತ್ತಿದರೂ ಮೀಥೇನ್ ದ್ರವವಾಗದು. ಹಾಗಾಗಿ ಅದು ಬರಬೇಕಾದರೆ ಕೊಳವೆ ಬೇಕು, ಇಲ್ಲವೇ -162 ಡಿಗ್ರಿಗೆ ತಣಿಸಿ, ಗಾತ್ರವನ್ನು ಸುಮಾರು ಆರುನೂರರಲ್ಲಿ ಒಂದು ಪಾಲಿಗಿಳಿಸಿ, ಹಡಗಿನಲ್ಲಿ ತರಬೇಕು.

ಕರ್ನಾಟಕದಲ್ಲಿ ಅನಿಲದ ಬಾವಿಗಳಿಲ್ಲ. ನಮಗೆ ದಾರಿ ತೆರೆದದ್ದು ರತ್ನಾಗಿರಿ ಜಿಲ್ಲೆಯ ದಾಭೋಳ್. ಅಮೆರಿಕದ ಎನ್ರಾನ್ ಕಂಪನಿ ಅಲ್ಲಿ ಕಟ್ಟಿದ ವಿದ್ಯುತ್ ಸ್ಥಾವರ 1999ರಲ್ಲಿ ನಾಫ್ತಾ ಉರಿಸಿ ಕೆಲಸ ಆರಂಭಿಸಿತು. ಎರಡನೆಯ ಹಂತದಲ್ಲಿ ದ್ರವೀಕೃತ ಅನಿಲದ ಬಂದರೂ ಸೇರಿತ್ತು. ವಿದ್ಯುತ್ತಿನ ಬೆಲೆಯ ಜಗಳದಲ್ಲಿ 2001ರಲ್ಲಿ ಎಲ್ಲವೂ ನಿಂತಿತು. ವರ್ಷದ ಕೊನೆಗೆ ಎನ್ರಾನ್ ಕಂಪನಿಯೇ ದಿವಾಳಿಯಾಯಿತು. ಅರ್ಧಕ್ಕೆ ನಿಂತ ಕಾಮಗಾರಿಗಳಲ್ಲಿ ಅಲೆಗಳನ್ನು ತಡೆಯುವ ಕಲ್ಲಿನ ಗೋಡೆಯೂ ಒಂದು.

2005ರಲ್ಲಿ ಗೇಲ್ ಮತ್ತು ಎನ್‌ಟಿಪಿಸಿ ಸಂಸ್ಥೆಗಳು ಸೇರಿ ರಚಿಸಿದ ಕಂಪನಿ ಇದನ್ನು ವಹಿಸಿಕೊಂಡಿತು. ಬಂದರು 2013ರಲ್ಲಿ ಕೆಲಸ ಆರಂಭಿಸಿತು. ಅದೇ ವರ್ಷ ದಾಭೋಳಿನಿಂದ ಬೆಳಗಾವಿ, ಧಾರವಾಡ, ದಾವಣಗೆರೆಗಳ ಸೀಮೆಯನ್ನು ಹಾದು ಬೆಂಗಳೂರು ತಲುಪುವ, ಕವಲುಗಳೂ ಸೇರಿ ಸುಮಾರು ಸಾವಿರ ಕಿಲೋಮೀಟರ್ ಕೊಳವೆ ಮಾರ್ಗವೂ ಸಿದ್ಧವಾಯಿತು. ಗೋಡೆ ಮಾತ್ರ ಆಗಿರಲಿಲ್ಲ! ಅರಬ್ಬೀ ಸಮುದ್ರದ ಮುಂಗಾರಿನ ಅಲೆಗಳ ನಡುವೆ ಹಡಗು ಅಲ್ಲಿ ಲಂಗರು ಹಾಕಲಾಗುತ್ತಿರಲಿಲ್ಲ. ಹೀಗಾಗಿ ಆಗ ವರ್ಷವರ್ಷವೂ ಮಳೆಗಾಲದಲ್ಲಿ ಬಂದರಿಗೆ ರಜೆ ಇರುತ್ತಿತ್ತು.

ಆದರೆ ಬೆಂಗಳೂರಿನ ಒಲೆ ಆರಲಿಲ್ಲ. ಗುಜರಾತಿನ ದಹೇಜ್‌ನಲ್ಲಿ 2004ರಿಂದಲೇ ಕತಾರ್‌ನ ಅನಿಲ ಇಳಿಯುತ್ತಿತ್ತು. ಅಲ್ಲಿಂದ ಪನ್ವೇಲ್ ಮಾರ್ಗವಾಗಿ ದಾಭೋಳಿಗೆ ಹಾಕಿದ್ದ ಕೊಳವೆ ನಿಂತುಹೋಗಿದ್ದ ವಿದ್ಯುತ್ ಸ್ಥಾವರವನ್ನು ಉಳಿಸಲು ಬಂದದ್ದು. ಅದೇ ಈಗ ಬೆಂಗಳೂರಿನ ಮಳೆಗಾಲದ ದಾರಿಯಾಯಿತು.

ಕೊಳವೆಗೆ ಇನ್ನೊಂದು ಗುಣವಿದೆ. ಅದು ದಾರಿಯೂ ಹೌದು, ಕಣಜವೂ ಹೌದು. ತರಗತಿಯಲ್ಲಿ ಹೀಗೊಂದು ಲೆಕ್ಕ ಮಾಡಿಸಿ ನೋಡಿ. ವ್ಯಾಸ 75 ಸೆಂ.ಮೀ., ಉದ್ದ 1 ಕಿ.ಮೀ. ಇರುವ ಕೊಳವೆಯ ಒಳಗಾತ್ರ ಸುಮಾರು 440 ಘನಮೀಟರ್. ಒತ್ತಡ ವಾತಾವರಣದ 60 ಪಟ್ಟಿನಿಂದ 50 ಪಟ್ಟಿಗೆ ಇಳಿದರೆ, ಬಾಯ್ಲನ ನಿಯಮದಂತೆ, ಹೊರಬರುವ ಅನಿಲ ಸಾಮಾನ್ಯ ಒತ್ತಡದಲ್ಲಿ 4,400 ಘನಮೀಟರ್. (ನಿಜವಾದ ಅನಿಲ ಬಾಯ್ಲನ ಮಾತನ್ನು ಪೂರ್ತಿ ಕೇಳುವುದಿಲ್ಲ, ಅಂದಾಜಿಗೆ ಇಷ್ಟು ಸಾಕು.) ಒಂದು ಮನೆಗೆ ದಿನಕ್ಕೆ ಅರ್ಧ ಘನಮೀಟರ್ ಎಂದುಕೊಂಡರೆ, ಒಂದೇ ಕಿಲೋಮೀಟರಿನ ಈ ಇಳಿತದಲ್ಲಿ 8,800 ಮನೆಗಳ ಒಂದು ದಿನದ ಅಡಿಗೆ. ನಿಯಂತ್ರಣ ಕೊಠಡಿಯವರು ರಾತ್ರಿ ಒತ್ತಡ ಏರಗೊಟ್ಟು, ಬೆಳಗಿನ ಬೇಡಿಕೆಗೆ ಇಳಿಯಗೊಡಬಲ್ಲರು. ನಗರದ ಬಾಗಿಲಲ್ಲಿ ಒತ್ತಡವನ್ನು ತಗ್ಗಿಸಿ, ಸೋರಿಕೆ ತಿಳಿಯಲೆಂದು ವಾಸನೆಯ ಗಂಧಕ ಸಂಯುಕ್ತ ಬೆರೆಸುತ್ತಾರೆ. ನಿಮ್ಮ ಒಲೆಗೆ ಬರುವ ಹೊತ್ತಿಗೆ ಅನಿಲದ ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚಿರುವುದು ಬರಿಯ ಶೇಕಡಾ 2ರಷ್ಟು.

ಕೊಚ್ಚಿಯ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ದ್ರವೀಕೃತ ಅನಿಲದ ಬಂದರು 2013ರಲ್ಲೇ ಸಜ್ಜಾಯಿತು. ಮಂಗಳೂರಿಗೆ 450 ಕಿಲೋಮೀಟರಿನ ಕೊಳವೆ ಲೋಕಾರ್ಪಣೆಯಾದದ್ದು 2021ರ ಜನವರಿ 5ರಂದು. ನಡುವಿನ ವರ್ಷಗಳಲ್ಲಿ ಬಂದರಿನ ಸಾಮರ್ಥ್ಯದ ಬಹುಪಾಲು ವ್ಯರ್ಥವಾಗಿಯೇ ಇತ್ತು. ತಡಕ್ಕೆ ಮುಖ್ಯ ಕಾರಣ ಭೂಮಿ.

1962ರ ಕಾನೂನಿನ ಪ್ರಕಾರ ಕೊಳವೆ ಹಾಯುವ ನೆಲ ರೈತನದಾಗಿಯೇ ಉಳಿಯುತ್ತದೆ. ಕಂಪನಿಗೆ ಸಿಗುವುದು ಬಳಕೆಯ ಹಕ್ಕು. ರೈತ ಅಲ್ಲಿ ರಾಗಿ, ಜೋಳ ಬೆಳೆಯಬಹುದು, ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ಇದಕ್ಕೆ ಆ ಕಾನೂನು ಗೊತ್ತುಮಾಡಿದ ಪರಿಹಾರ ಭೂಮಿಯ ಮಾರುಕಟ್ಟೆ ಬೆಲೆಯ ಶೇಕಡಾ 10. ಅಂಗೈಯಗಲದ ತೋಟ, ಅದರ ಅಂಚಿಗೇ ಮನೆ ಇರುವ ಕೇರಳದಲ್ಲಿ ಜನ ಇದನ್ನು ಪ್ರತಿಭಟಿಸಿದ್ದರಲ್ಲಿ ಆಶ್ಚರ್ಯವೇನಿದೆ?