ರೈತನಿಗೆ ರಜೆ ಯಾವಾಗ?

ದುಡಿಯುವವನಿಗೆ ವಿಶ್ರಾಂತಿಯೂ ಒಂದು ಹಕ್ಕು ಎಂದು ಸಾರಿ, ಅದಕ್ಕಾಗಿ ಪ್ರವಾಸದ ದೊಡ್ಡ ವ್ಯವಸ್ಥೆಯನ್ನೇ ಕಟ್ಟಿದ ದೇಶ ಸೋವಿಯತ್ ಒಕ್ಕೂಟ. 1920ರ ಡಿಸೆಂಬರಿನಲ್ಲಿ ಲೆನಿನ್ ಸಹಿಯ ಆಜ್ಞೆಯೊಂದು ಕ್ರೈಮಿಯಾದ ಅರಮನೆಗಳನ್ನು ಕಾರ್ಮಿಕರ ಆರೋಗ್ಯಧಾಮಗಳಿಗೆ ಬಿಟ್ಟುಕೊಟ್ಟಿತು. 1936ರ ಸಂವಿಧಾನದ 119ನೆಯ ವಿಧಿ ವಿಶ್ರಾಂತಿಯ ಹಕ್ಕನ್ನು ಬರೆದಿಟ್ಟಿತು. ಕಾರ್ಮಿಕ ಸಂಘಗಳು ಹಂಚುತ್ತಿದ್ದ 'ಪುತ್ಯೋವ್ಕಾ' ಎಂಬ ಚೀಟಿ ಸಿಕ್ಕವರು ಅಲ್ಪ ಖರ್ಚಿನಲ್ಲಿ ಯಾಲ್ಟಾ, ಸೋಚಿಗಳ ಕಡಲ ದಂಡೆಗೆ ಹೋಗಿಬರುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಇವರ ಸಂಖ್ಯೆ ಲಕ್ಷಗಟ್ಟಲೆ ಬೆಳೆಯಿತು.

ಆದರೆ ಈ ಪ್ರವಾಸಿಗರ ಸಾಲಿನಲ್ಲಿ ರೈತ ಕಾಣುತ್ತಿದ್ದುದು ಅಪರೂಪ. ಸಾಮೂಹಿಕ ಬೇಸಾಯದ ಹಳ್ಳಿಗರು ಬಹುಕಾಲ ಕಾರ್ಮಿಕ ಸಂಘಗಳ ಹೊರಗಿದ್ದರು. 1974ರಲ್ಲಿ ನಿಯಮ ಬದಲಾಗುವವರೆಗೆ ಅವರಲ್ಲಿ ಹೆಚ್ಚಿನವರಿಗೆ ದೇಶದೊಳಗೆ ಓಡಾಡಲು ಬೇಕಾದ ಗುರುತಿನ ಪಾಸ್‌ಪೋರ್ಟ್ ಕೂಡ ಇರಲಿಲ್ಲ.

ಭಾರತದ ಸಮಾಜವಾದ ಬೇರೆ ಬಗೆಯದು. ಆದರೂ ಇಲ್ಲಿನ ಕಥೆಗೂ ಅದಕ್ಕೂ ಹೋಲಿಕೆಯಿದೆ. 1955ರ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ 'ಸಮಾಜವಾದಿ ಮಾದರಿಯ ಸಮಾಜ' ತನ್ನ ಗುರಿ ಎಂದಿತು. ಮರುವರ್ಷವೇ ಕೇಂದ್ರ ಸರ್ಕಾರಿ ನೌಕರರಿಗೆ ರಜೆ ಪ್ರವಾಸದ ರಿಯಾಯಿತಿ, ಅಂದರೆ ಎಲ್‌ಟಿಸಿ, ಬಂತು. ಮೊದಲು ಸ್ವಂತ ಊರಿಗೆ ಹೋಗಿಬರಲು ಮಾತ್ರ ಇದ್ದದ್ದು, ಮುಂದೆ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಎಂದಾಯಿತು. 1971ರಲ್ಲಿ ರಾಜ್ಯದ ಪ್ರವಾಸೋದ್ಯಮ ನಿಗಮ ಹುಟ್ಟಿತು. ಹಂಪಿ, ಬಾದಾಮಿಗಳಲ್ಲಿ 'ಮಯೂರ' ಹೆಸರಿನ ಸರ್ಕಾರಿ ಹೋಟೆಲುಗಳು ಎದ್ದವು. ಇದರ ಲಾಭ ಪಡೆದವರು ಬಹುಪಾಲು ಸಂಬಳದಾರರೇ.

ಧಾರವಾಡ ಜಿಲ್ಲೆಯ ಕುಬಿಹಾಳದಂಥ ಊರುಗಳಿಗೆ ಸಂಬಳದ ರಜೆ ಎಂಬುದಿಲ್ಲ. ಇಲ್ಲಿ ಬಿಡುವನ್ನು ಕೊಡುವುದು ಸರ್ಕಾರವಲ್ಲ, ಸುಗ್ಗಿ. ರಾಶಿ ಮುಗಿದ ಮೇಲೆ ಚಕ್ಕಡಿ ಕಟ್ಟಿ, ಬುತ್ತಿ ಗಂಟು ಹೊತ್ತು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೋ ಉಳವಿಯ ಜಾತ್ರೆಗೋ ಹೊರಡುವುದು ಈ ಭಾಗದ ಹಳೆಯ ರೂಢಿ. ಪ್ರವಾಸೋದ್ಯಮ ಎಂಬ ಶಬ್ದ ಬರುವ ಮೊದಲೇ ಇದ್ದ ಸಾಮೂಹಿಕ ಪ್ರವಾಸವಿದು. ಸಮಾಜವಾದದಿಂದ ಹಳ್ಳಿಗೆ ನಿಜವಾಗಿ ತಲುಪಿದ್ದು ಸರ್ಕಾರಿ ಬಸ್ಸು. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಸರ್ಕಾರಿ ಸಾರಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. 1997ರಲ್ಲಿ ಹುಬ್ಬಳ್ಳಿಯಲ್ಲಿ ವಾಯವ್ಯ ಕರ್ನಾಟಕ ನಿಗಮ ಬಂತು. ಜಾತ್ರೆಯ ವಿಶೇಷ ಬಸ್ಸು, ಶಾಲಾ ಮಕ್ಕಳ ಐಹೊಳೆ-ಪಟ್ಟದಕಲ್ಲು ಪ್ರವಾಸ ಎರಡೂ ಇದರಿಂದ ಸುಲಭವಾದವು.

2023ರ ಜೂನ್ 11ರಂದು 'ಶಕ್ತಿ' ಯೋಜನೆ ಜಾರಿಯಾದಾಗ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಪುಣ್ಯಕ್ಷೇತ್ರಗಳ ಬಸ್ಸುಗಳು ತುಂಬಿ ತುಳುಕಿದವು. ಇದನ್ನು ಕಂಡು ನಕ್ಕವರುಂಟು. ಆದರೆ ಎಲ್‌ಟಿಸಿ ಪಡೆದು ಕಾಶ್ಮೀರ ನೋಡಿಬಂದ ನೌಕರನನ್ನು ನೋಡಿ ಯಾರೂ ನಕ್ಕಿರಲಿಲ್ಲ.

ಸಂವಿಧಾನದ 43ನೆಯ ವಿಧಿ ಕೃಷಿ ಕಾರ್ಮಿಕರನ್ನೂ ಹೆಸರಿಸಿ, ಎಲ್ಲ ದುಡಿಯುವವರಿಗೂ ಬಿಡುವಿನ ಸಂಪೂರ್ಣ ಸುಖ ದೊರಕಿಸಲು ರಾಜ್ಯ ಯತ್ನಿಸಬೇಕು ಎನ್ನುತ್ತದೆ. ಅದು ನಿರ್ದೇಶಕ ತತ್ವವಾದ್ದರಿಂದ ನ್ಯಾಯಾಲಯದಲ್ಲಿ ಕೇಳಿ ಪಡೆಯುವಂತಿಲ್ಲ. ಬಸ್ಸಿನ ಟಿಕೆಟ್ಟು ಉಚಿತವಾದರೂ, ಕಳೆ ತೆಗೆಯುವ ಹೆಣ್ಣುಮಗಳು ಯಲ್ಲಮ್ಮನಿಗೆ ಹೋದ ದಿನ ಅವಳ ಕೂಲಿ ತಪ್ಪುತ್ತದೆ. ಪಯಣದ ಖರ್ಚು ಇಳಿದಿದೆ. ಬಿಡುವಿನ ಬೆಲೆಯನ್ನು ಮಾತ್ರ ಇನ್ನೂ ಅವಳೇ ತೆರಬೇಕಾಗಿದೆ.