ಒಂದೇ ಮಗು, ಎರಡು ಫೈಲು: ತಾಲ್ಲೂಕಿನಲ್ಲಿ ವಿಶೇಷ ಶಿಕ್ಷಣ, ಸಾಮಾನ್ಯ ಶಿಕ್ಷಣ ಕೈಜೋಡಿಸಬೇಕಾದ್ದು ಎಲ್ಲಿ?

ಸರ್ಕಾರಿ ಶಾಲೆಗೆ ಸೇರಿದ ವಿಶೇಷಚೇತನ ಮಗುವಿನ ಓದಿಗೆ ತಾಲ್ಲೂಕಿನಲ್ಲಿ ಇಬ್ಬರು ಜವಾಬ್ದಾರರು. ಒಂದು ಕಡೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕರು. ಇನ್ನೊಂದು ಕಡೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ವಿಶೇಷ ಶಿಕ್ಷಕರು. ಇವರನ್ನು ಇಲಾಖೆಯ ಭಾಷೆಯಲ್ಲಿ ‘ಬಿಐಇಆರ್‌ಟಿ’ ಅಂತಾರೆ. ಇಬ್ಬರೂ ಕೂತು ಮಾತಾಡಿದರೆ ಮಗು ಕಲಿಯುತ್ತದೆ. ಮಾತಾಡದಿದ್ದರೆ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ.

ಯಾರ ಕೆಲಸ ಏನು, ಸಮನ್ವಯ ತಪ್ಪುವುದು ಎಲ್ಲಿ, ಪಾಲಕರು ಯಾರನ್ನು ಏನು ಕೇಳಬೇಕು ಎಂಬ ವಿವರ ಇಲ್ಲಿದೆ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಿಂದೆ ಪಟ್ಟಿಯಲ್ಲಿ ಇಲ್ಲದ ಕಲಿಕಾ ನ್ಯೂನತೆ, ಆಟಿಸಂ ಸೇರಿ ಒಟ್ಟು 21 ಬಗೆಯ ನ್ಯೂನತೆಗಳನ್ನು ಇದು ಗುರುತಿಸುತ್ತದೆ. ಶೇ 40ಕ್ಕಿಂತ ಕಡಿಮೆ ಇಲ್ಲದ ನ್ಯೂನತೆ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಸಾಮಾನ್ಯ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕಿದೆ. ಆಯ್ಕೆ ಮಗು ಮತ್ತು ಪಾಲಕರದ್ದು. “ಇಲ್ಲಿ ಆಗಲ್ಲ, ಬೇರೆ ಕಡೆ ನೋಡಿ” ಅಂತ ಸಾಮಾನ್ಯ ಶಾಲೆಯವರು ಕಳಿಸುವಂತಿಲ್ಲ.

ಇದೇ ಕಾಯ್ದೆಯ 16ನೇ ಕಲಂ ಶಾಲೆಗಳ ಕರ್ತವ್ಯವನ್ನು ಪಟ್ಟಿ ಮಾಡುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವುದು, ಕಟ್ಟಡ ಮತ್ತು ಶೌಚಾಲಯ ಬಳಸುವಂತಿರುವುದು, ಕಲಿಕಾ ನ್ಯೂನತೆಯನ್ನು ಬೇಗ ಪತ್ತೆ ಹಚ್ಚುವುದು, ಪ್ರತಿ ಮಗುವಿನ ಪ್ರಗತಿ ಗಮನಿಸುವುದು ಅದರಲ್ಲಿವೆ. ಇವು ವಿಶೇಷ ಶಿಕ್ಷಕರೊಬ್ಬರ ಕೆಲಸವಲ್ಲ, ಇಡೀ ಶಾಲೆಯ ಕೆಲಸ.

ತೀವ್ರ ಅಥವಾ ಬಹುವಿಧ ನ್ಯೂನತೆ ಇರುವ ಮಕ್ಕಳಿಗೆ ಗೃಹ ಆಧಾರಿತ ಶಿಕ್ಷಣದ ಆಯ್ಕೆ ಇದೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಲ್ಲಿ ಇದು ಸೇರಿತು. ಆದರೆ ಇದು ಪಾಲಕರ ಹಕ್ಕು, ಶಾಲೆಯವರು ಕೈತೊಳೆದುಕೊಳ್ಳಲು ಇರುವ ದಾರಿ ಅಲ್ಲ.

ತಾಲ್ಲೂಕಿನಲ್ಲಿ ಯಾರು ಯಾರು?

• ಬಿಇಒ: ತಾಲ್ಲೂಕಿನ ಶಾಲೆಗಳ ಆಡಳಿತ ಇವರ ಕೈಯಲ್ಲಿ. ಮುಖ್ಯ ಶಿಕ್ಷಕರಿಗೆ ಸೂಚನೆ ಹೋಗುವುದು ಇವರಿಂದ.

• ಬಿಆರ್‌ಸಿ ಕ್ಷೇತ್ರ ಸಮನ್ವಯಾಧಿಕಾರಿ: ತರಬೇತಿ ಮತ್ತು ಸಮಗ್ರ ಶಿಕ್ಷಣ ಯೋಜನೆಯ ಕೆಲಸ ನೋಡಿಕೊಳ್ಳುತ್ತಾರೆ.

• ಬಿಐಇಆರ್‌ಟಿ: ಮಕ್ಕಳನ್ನು ಗುರುತಿಸುವುದು, ಶಾಲೆ ಭೇಟಿ, ಮನೆ ಭೇಟಿ, ವೈದ್ಯಕೀಯ ಶಿಬಿರಕ್ಕೆ ಕರೆತರುವುದು, ತರಗತಿ ಶಿಕ್ಷಕರಿಗೆ ಮಾರ್ಗದರ್ಶನ.

• ಸಿಆರ್‌ಪಿ: ಕ್ಲಸ್ಟರ್ ಮಟ್ಟದಲ್ಲಿ ಶಾಲೆಗಳ ನಡುವಿನ ಕೊಂಡಿ.

• ಎಂಆರ್‌ಡಬ್ಲ್ಯೂ, ವಿಆರ್‌ಡಬ್ಲ್ಯೂ: ವಿಕಲಚೇತನರ ಸಬಲೀಕರಣ ಇಲಾಖೆಯ ಕಾರ್ಯಕರ್ತರು. ಮೊದಲನೆಯವರು ತಾಲ್ಲೂಕಿಗೆ, ಎರಡನೆಯವರು ಗ್ರಾಮ ಪಂಚಾಯಿತಿಗೆ. ಗುರುತಿನ ಚೀಟಿ, ಮಾಸಾಶನದ ಅರ್ಜಿಗೆ ಇವರ ನೆರವು ಸಿಗುತ್ತದೆ.

• ಆರೋಗ್ಯ ಇಲಾಖೆಯ ಆರ್‌ಬಿಎಸ್‌ಕೆ ತಂಡ: ಅಂಗನವಾಡಿ, ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳ ತಪಾಸಣೆ ಮಾಡುತ್ತದೆ.

ಅಂದರೆ ಒಂದು ಮಗುವಿನ ಸುತ್ತ ಮೂರು ಇಲಾಖೆ, ಆರೇಳು ಜನ. ಮಾಹಿತಿ ಒಬ್ಬರಿಂದ ಒಬ್ಬರಿಗೆ ದಾಟದಿದ್ದರೆ ಅಷ್ಟು ಜನ ಇದ್ದೂ ಪ್ರಯೋಜನವಿಲ್ಲ.

ಎಡವುವುದು ಎಲ್ಲಿ?

ಮೊದಲನೆಯದು, “ಅದು ಬಿಐಇಆರ್‌ಟಿ ಮಗು” ಅನ್ನೋ ಭಾವನೆ. ಒಬ್ಬ ವಿಶೇಷ ಶಿಕ್ಷಕರು ಹತ್ತಾರು ಶಾಲೆ ಸುತ್ತಬೇಕು. ಒಂದು ಶಾಲೆಗೆ ಅವರು ಬರುವುದು ಯಾವಾಗಲೋ ಒಮ್ಮೆ. ಉಳಿದ ದಿನ ಆ ಮಗುವಿನ ಜೊತೆ ಇರುವವರು ತರಗತಿ ಮೇಷ್ಟ್ರು. ಬಂದವರು ಬರೆದಿಟ್ಟ ಕಲಿಕಾ ಯೋಜನೆ ಕಡತದಲ್ಲಿ ಕೂತರೆ, ಮೇಷ್ಟ್ರಿಗೆ ಅದರ ಸುಳಿವೂ ಇರುವುದಿಲ್ಲ.

ಎರಡನೆಯದು, ಸಾಧನ ಸಲಕರಣೆ. ಶಿಬಿರದಲ್ಲಿ ಅಳತೆ ತೆಗೆದು, ಕೆಲವು ತಿಂಗಳ ನಂತರ ಶ್ರವಣ ಸಾಧನ ಕೊಡುತ್ತಾರೆ. ಬ್ಯಾಟರಿ ಮುಗಿದರೆ ಯಾರಿಗೆ ಹೇಳಬೇಕು ಅಂತ ಮನೆಯವರಿಗೆ ಗೊತ್ತಿಲ್ಲ, ಶಾಲೆಗೂ ತಿಳಿಸಿರಲ್ಲ. ಸಾಧನ ಬೀರು ಸೇರುತ್ತದೆ, ಮಗು ಕೊನೆ ಬೆಂಚು ಸೇರುತ್ತದೆ. ಶಿಬಿರದಿಂದ ಯಾರಿಗೆ ಏನು ಸಿಕ್ಕಿತು ಅನ್ನುವ ಪಟ್ಟಿ ಮುಖ್ಯ ಶಿಕ್ಷಕರಿಗೆ ಹೋದರೆ ಇದು ತಪ್ಪುತ್ತದೆ.

ಮೂರನೆಯದು, ಶಾಲೆ ಬದಲಾಗುವ ವರ್ಷ. ಹಳ್ಳಿಯ ಮಗು ಐದನೇ ತರಗತಿ ಮುಗಿಸಿ ಒಂದು ಶಾಲೆಗೆ, ಏಳು ಅಥವಾ ಎಂಟು ಮುಗಿಸಿ ಹೈಸ್ಕೂಲಿಗೆ ಹೋಗುತ್ತದೆ. ವರ್ಗಾವಣೆ ಪತ್ರ ಹೋಗುತ್ತದೆ, ಆದರೆ ಮಗು ಹೇಗೆ ಕಲಿಯುತ್ತದೆ, ಎಲ್ಲಿ ಕೂರಿಸಬೇಕು, ಏನು ಕೊಟ್ಟರೆ ಅನುಕೂಲ ಅನ್ನುವ ಟಿಪ್ಪಣಿ ಹೋಗುವುದಿಲ್ಲ. ಹೊಸ ಶಾಲೆಯಲ್ಲಿ ಎಲ್ಲ ಮೊದಲಿಂದ ಶುರು. ಎಷ್ಟೋ ಮಕ್ಕಳು ಶಾಲೆ ಬಿಡುವುದು ಇದೇ ತಿರುವಿನಲ್ಲಿ.

ನಾಲ್ಕನೆಯದು, ಎಸ್ಸೆಸ್ಸೆಲ್ಸಿ. ಅರ್ಹ ಮಕ್ಕಳಿಗೆ ಬರಹಗಾರರ ನೆರವು, ಹೆಚ್ಚುವರಿ ಸಮಯದಂತಹ ಅನುಕೂಲಗಳಿವೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳುತ್ತದೆ. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಆದರೆ ಇದಕ್ಕೆ ಪ್ರಮಾಣಪತ್ರ ಬೇಕು, ಶಾಲೆಯಿಂದ ಮೊದಲೇ ಪ್ರಸ್ತಾವ ಹೋಗಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಕಷ್ಟ. ಎಂಟನೇ ತರಗತಿಯಲ್ಲೇ ವಿಶೇಷ ಶಿಕ್ಷಕರೂ ಹೈಸ್ಕೂಲು ಮುಖ್ಯ ಶಿಕ್ಷಕರೂ ಕೂತು ಪಟ್ಟಿ ಮಾಡಿಕೊಂಡರೆ ಸಮಯ ಸಾಕಾಗುತ್ತದೆ.

ಶಿಕ್ಷಕರ ಕೊರತೆಯೂ ಇದೆ

ಸಮನ್ವಯ ಎಷ್ಟೇ ಚೆನ್ನಾಗಿದ್ದರೂ ಜನ ಬೇಕಲ್ಲ? ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ ತೀರ್ಪಿನಲ್ಲಿ, ವಿಶೇಷ ಮಕ್ಕಳಿಗೆ ಎಷ್ಟು ವಿಶೇಷ ಶಿಕ್ಷಕರು ಎಂಬ ಅನುಪಾತ ನಿಗದಿಪಡಿಸುವಂತೆ ಕೇಂದ್ರಕ್ಕೆ ಹೇಳಿತು. ಸಾಕಷ್ಟು ಶಿಕ್ಷಕರು ಸಿಗುವವರೆಗೆ ಕ್ಲಸ್ಟರ್ ಶಾಲೆಗಳ ನಡುವೆ ಓಡಾಡುವ ಶಿಕ್ಷಕರನ್ನು ಬಳಸಬಹುದು ಎಂದಿತು. 2025ರ ಮಾರ್ಚ್‌ನಲ್ಲಿ, ಹುದ್ದೆಗಳನ್ನು ಗುರುತಿಸಿ ಪ್ರಕಟಿಸುವಂತೆ ಎಲ್ಲ ರಾಜ್ಯಗಳಿಗೆ ಮತ್ತೆ ಸೂಚಿಸಿತು.

ಇರುವಷ್ಟು ಜನ ಸುತ್ತಾಡಿ ಕೆಲಸ ಮಾಡುವ ಸ್ಥಿತಿ ಇರುವವರೆಗೂ ತರಗತಿ ಶಿಕ್ಷಕರ ಪಾಲು ದೊಡ್ಡದೇ. ಅದಕ್ಕೇ ಇಬ್ಬರ ನಡುವಿನ ಮಾತುಕತೆ ಇನ್ನಷ್ಟು ಮುಖ್ಯ.

ಖರ್ಚಿಲ್ಲದೆ ಮಾಡಬಹುದಾದ ಐದು ಕೆಲಸ

1. ಬಿಇಒ ಕರೆಯುವ ಮುಖ್ಯ ಶಿಕ್ಷಕರ ಸಭೆಯಲ್ಲಿ ವಿಶೇಷ ಶಿಕ್ಷಕರಿಗೂ ಮಾತಾಡಲು ಸಮಯ. ಸೂಚನೆ ಬಿಇಒ ಬಾಯಿಂದ ಬಂದರೆ ಅದರ ತೂಕವೇ ಬೇರೆ.

2. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಪ್ರತಿ ಬಾರಿ ಒಂದೆರಡು ಮಕ್ಕಳ ಬಗ್ಗೆ ಚರ್ಚೆ. ಸಾಮಾನ್ಯ ಉಪನ್ಯಾಸಕ್ಕಿಂತ “ಈ ಮಗುವಿಗೆ ಕೂಡುವ ಲೆಕ್ಕ ಹೇಗೆ ಹೇಳಿಕೊಡೋದು” ಅನ್ನುವ ಮಾತು ಶಿಕ್ಷಕರಿಗೆ ಉಪಯೋಗ.

3. ಪ್ರತಿ ಮಗುವಿಗೆ ಒಂದು ಪುಟದ ಕಲಿಕಾ ಟಿಪ್ಪಣಿ. ಒಂದು ಪ್ರತಿ ತರಗತಿ ಶಿಕ್ಷಕರ ಬಳಿ, ಒಂದು ಬಿಆರ್‌ಸಿಯಲ್ಲಿ, ಒಂದು ಪಾಲಕರ ಕೈಯಲ್ಲಿ. ಶಾಲೆ ಬದಲಾದರೆ ಟಿಸಿ ಜೊತೆ ಅದೂ ಹೋಗಲಿ.

4. ತಪಾಸಣೆ ಇಬ್ಬರೂ ಸೇರಿ. ಎನ್‌ಸಿಇಆರ್‌ಟಿ 2022ರಲ್ಲಿ ತಂದ ‘ಪ್ರಶಸ್ತ್’ ಆ್ಯಪ್ ಇರುವುದೇ ಹೀಗೆ: ಮೊದಲ ಹಂತ ಸಾಮಾನ್ಯ ಶಿಕ್ಷಕರು, ಎರಡನೇ ಹಂತದಲ್ಲಿ ವಿಶೇಷ ಶಿಕ್ಷಕರು. ಇದು ತಪಾಸಣೆ ಮಾತ್ರ, ಪ್ರಮಾಣಪತ್ರ ಕೊಡುವುದು ವೈದ್ಯರೇ.

5. ಎಸ್‌ಡಿಎಂಸಿ ಸಭೆಯಲ್ಲಿ ಇಳಿಜಾರು, ಕೈಪಿಡಿ, ಶೌಚಾಲಯದ ವಿಚಾರ. ಇಳಿಜಾರಿನ ಲೆಕ್ಕ ಸುಲಭ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಹತ್ತಿಸುವುದು ಕಷ್ಟ. ಬಾಗಿಲ ಮುಂದೆ ಕಟ್ಟೆ ಇರುವ ಅಂಗಡಿಯವರಿಗೂ ಇದೇ ಲೆಕ್ಕ.

ಪಾಲಕರು ಏನು ಮಾಡಬೇಕು?

ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮೊದಲು ಅದಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಪಂಚಾಯಿತಿಯ ವಿಆರ್‌ಡಬ್ಲ್ಯೂ ಸಹಾಯ ಮಾಡುತ್ತಾರೆ. ಮಗುವಿನ ಹೆಸರು ಶಾಲೆಯ ಎಸ್‌ಎಟಿಎಸ್ ದಾಖಲೆಯಲ್ಲಿ ವಿಶೇಷ ಅಗತ್ಯದ ಮಗು ಎಂದು ನಮೂದಾಗಿದೆಯೇ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ದಾಖಲೆಯಲ್ಲಿ ಇಲ್ಲದ ಮಗು ಯೋಜನೆಯ ಲೆಕ್ಕಕ್ಕೆ ಬರುವುದಿಲ್ಲ. ಸೌಲಭ್ಯದ ಹಣ ಖಾತೆಗೆ ಬರುವುದರಿಂದ ಬ್ಯಾಂಕ್ ಪುಸ್ತಕ, ಆಧಾರ್ ಜೋಡಣೆ ಸರಿ ಇರಲಿ.

ಆಮೇಲೆ ಎರಡು ಪ್ರಶ್ನೆ ಕೇಳಿ. ನಮ್ಮ ಶಾಲೆಗೆ ಬರುವ ಬಿಐಇಆರ್‌ಟಿ ಯಾರು, ಯಾವ ದಿನ ಬರ್ತಾರೆ? ಅವರು ಹೇಳಿದ್ದನ್ನು ತರಗತಿಯಲ್ಲಿ ಯಾರು ಮಾಡಿಸ್ತಾರೆ? ಎರಡನೇ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಸಮನ್ವಯ ಇಲ್ಲ ಅಂತಲೇ ಅರ್ಥ. ಆಗ ಮುಖ್ಯ ಶಿಕ್ಷಕರು, ವಿಶೇಷ ಶಿಕ್ಷಕರು, ಪಾಲಕರು ಮೂವರೂ ಒಟ್ಟಿಗೆ ಕೂರುವಂತೆ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಪ್ರವೇಶ ನಿರಾಕರಿಸಿದರೆ ಲಿಖಿತವಾಗಿ ಬಿಇಒಗೆ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಅಲ್ಲಿ ಆಗದಿದ್ದರೆ ಜಿಲ್ಲೆಯ ಉಪನಿರ್ದೇಶಕರು (ಡಿಡಿಪಿಐ). ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮತ್ತು ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇವೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಉಚಿತ.

ಅಕ್ಕಪಕ್ಕದವರೂ ನೆರವಾಗಬಹುದು. ಶಾಲೆ ಹೊತ್ತಿನಲ್ಲಿ ಮನೆ ಮುಂದೆಯೋ ಅಂಗಡಿ ಮುಂದೆಯೋ ಕೂತಿರುವ ಮಗು ಕಂಡರೆ, ಆ ಮನೆಯವರಿಗೆ ಬಿಆರ್‌ಸಿ ಎಲ್ಲಿದೆ ಎಂದು ಹೇಳಿ, ಇಲ್ಲವೇ ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರಿಗೆ ತಿಳಿಸಿ. ಹಾಗೆ ಹೇಳಲು ಯಾವ ಅರ್ಜಿಯೂ ಬೇಕಿಲ್ಲ.