ಗಾಡಿ ಲಾಟೀನಿಂದ ಎಲ್‌ಇಡಿ ಫಾಗ್ ಲೈಟಿನವರೆಗೆ: ನಮ್ ರಸ್ತೆ ಬೆಳಕಿನ ಕಥೆ

ಮಾಗಿ ಬಂತು. ಬೆಳಗಿನ ಜಾವ ಎಳನೀರು ತುಂಬ್ಕೊಂಡು ಮದ್ದೂರು ಮಾರುಕಟ್ಟೆಗೆ ಹೊರಟ್ರೆ, ನಾಲೆ ಏರಿ ಮೇಲೆ ಹತ್ತು ಮಾರು ಮುಂದೆ ಏನಿದೆ ಅಂತ ಕಾಣಲ್ಲ. ಈ ಕಾಲಕ್ಕೆ ಸರಿಯಾಗಿ ನಮ್ ಚಿಕ್ಕರಸಿನಕೆರೆ ಹೋಬಳಿ ಹೈಕ್ಳು ಕೇಳೋ ಪ್ರಶ್ನೆ ಒಂದೇ: "ಅಣ್ಣ, ಪಿಕಪ್‌ಗೆ ಯಾವ ಎಲ್‌ಇಡಿ ಫಾಗ್ ಲೈಟ್ ಹಾಕ್ಸಿದ್ರೆ ಚೆನ್ನಾಗಿರ್ತದೆ?"

ಎರಡು ಸಾಲಲ್ಲಿ ಉತ್ತರ ಹೇಳ್ಬಹುದು. ಆದ್ರೆ ಈ ಬೆಳಕು ನಮ್ ರಸ್ತೆಗೆ ಹೆಂಗೆ ಬಂತು ಅನ್ನೋ ಹಿಂದಿನ ಕಥೆ ಗೊತ್ತಿದ್ರೆ, ಅಂಗಡಿಯವನು ಏನೇ ಹೇಳಿದ್ರೂ ನೀವೇ ತೂಗಿ ನೋಡ್ಬಹುದು. ಅದ್ಕೆ ಇವತ್ತು ಸ್ವಲ್ಪ ಉದ್ದಕ್ಕೆ ಬರೀತಾ ಇದೀನಿ. ಬಿಡುವಾದಾಗ ಓದಿ.

ಮೊದಲು ಎತ್ತಿನ ಗಾಡಿಯಿಂದ ಶುರು ಮಾಡಾಣ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ, ಆಮೇಲೆ ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರೀತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅಲ್ಲಿಂದ ಮುಂದೆ ನಮ್ ಕಡೆ ರಾತ್ರಿ ರಸ್ತೆ ಅಂದ್ರೆ ಕಬ್ಬಿನ ಗಾಡಿಗಳ ಸಾಲು. ಬಿಸಿಲಲ್ಲಿ ಎತ್ತು ಬಳಲ್ತವೆ ಅಂತ ತಂಪು ಹೊತ್ತಲ್ಲೇ ಗಾಡಿ ಹೊಡೆಯೋದು. ಪ್ರತಿ ಗಾಡಿಯ ತಳಕ್ಕೆ, ಅಚ್ಚಿನ ಹತ್ರ, ಒಂದು ಸೀಮೆಎಣ್ಣೆ ಲಾಟೀನು ನೇತಾಡ್ತಾ ಇರೋದು.

ಲಾಟೀನನ್ನ ಮೂಕಿ ತುದೀಗೆ ಕಟ್ಟದೆ ತಳಕ್ಕೆ ಯಾಕೆ ಕಟ್ತಿದ್ರು ಅಂತ ಯೋಚ್ನೆ ಮಾಡಿ. ದಾರಿ ಎತ್ತಿಗೆ ಗೊತ್ತಿತ್ತು. ಗಾಡಿ ಮೇಲಿದ್ದೋನು ತೂಕಡಿಸಿದ್ರೂ ಅವು ಕಾರ್ಖಾನೆ ಕಡೆಗೇ ಹೋಗೋವು. ಲಾಟೀನು ಇದ್ದದ್ದು ದೂರ ನೋಡೋಕಲ್ಲ, ಹಿಂದೆ ಮುಂದೆ ಬರೋರಿಗೆ "ಇಲ್ಲೊಂದು ಗಾಡಿ ಅದೆ" ಅಂತ ಹೇಳೋಕೆ. ಕೆಳಗಿದ್ರೆ ಎರಡೂ ಕಡೆಯಿಂದ ಕಾಣ್ತದೆ, ಗಾಡಿ ಹೊಡೆಯೋನ ಕಣ್ಣಿಗೆ ಉರಿ ಹೊಡೆಯಲ್ಲ, ಚಕ್ರದ ಬುಡದ ಹಳ್ಳನೂ ಕಾಣ್ತದೆ. ಬೆಳಕು ಕೆಳಗಿರಬೇಕು ಅನ್ನೋದು ನಮ್ಮೋರಿಗೆ ಅವತ್ತೇ ಗೊತ್ತಿತ್ತು. ಈ ಮಾತು ನೆನಪಿಟ್ಕೊಳಿ, ಮುಂದೆ ಬೇಕಾಗ್ತದೆ.

ಇನ್ನು ಕರೆಂಟಿನ ಕಥೆ. ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿಂದ ವಿದ್ಯುತ್ ಉತ್ಪಾದನೆ ಶುರುವಾಯ್ತು. ಆ ಕರೆಂಟು ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿ ಹೊರಟ ಜಾಗದ ಸುತ್ತಲಿನ ಹಳ್ಳಿಗಳು ಮಾತ್ರ ಇನ್ನೂ ದಶಕಗಟ್ಟಲೆ ಬುಡ್ಡಿ ದೀಪದಲ್ಲೇ ಉಂಡವು. ಅದ್ಕೇ ಇರ್ಬೇಕು, ಬೆಳಕು ಅಂದ್ರೆ ನಮಗೆ ಇನ್ನೂ ಒಂದು ಹಸಿವು. ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ಸುತ್ತೆ. ಆ ಆಸೆ ತಪ್ಪಲ್ಲ. ಆದ್ರೆ ವಾಹನದ ಬೆಳಕಿನ ಇತಿಹಾಸ ಬೇರೇನೇ ಹೇಳ್ತದೆ.

ಮೊದಮೊದಲ ಮೋಟಾರು ಕಾರುಗಳಿಗೆ ಇದ್ದದ್ದು ಕಾರ್ಬೈಡ್ ದೀಪ. ಮಾವು ಹಣ್ಣು ಮಾಡೋಕೆ ಕದ್ದುಮುಚ್ಚಿ ಇಡ್ತಾರಲ್ಲ, ಅದೇ ಕಾರ್ಬೈಡು. ಅದರ ಮೇಲೆ ಹನಿ ಹನಿ ನೀರು ಬಿದ್ರೆ ಗ್ಯಾಸ್ ಬರುತ್ತೆ, ಆ ಗ್ಯಾಸ್ ಹಚ್ಚೋದು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸ್ಟಾರ್ಟರ್ ಜೊತೆಗೇ ಕರೆಂಟ್ ದೀಪ ಬಂತು. ಅಲ್ಲಿಂದ ಬೆಳಕು ಜೋರಾಯ್ತು, ಜೋರಾದ ಕೂಡ್ಲೇ ಎದುರಿನವರಿಗೆ ಕಣ್ಣು ಕುಕ್ಕೋದೂ ಶುರುವಾಯ್ತು. 1920ರ ದಶಕದಲ್ಲಿ ಒಂದೇ ಬಲ್ಬಲ್ಲಿ ಎರಡು ತಂತಿ ಇಟ್ರು: ಒಂದು ದೂರಕ್ಕೆ, ಒಂದು ಕೆಳಕ್ಕೆ. ನಾವು ಡಿಮ್ ಡಿಪ್ ಅಂತೀವಲ್ಲ, ಅದು ಹುಟ್ಟಿದ್ದು ಹಂಗೆ. ಅಂದ್ರೆ ಈ ನೂರು ವರ್ಷದಲ್ಲಿ ಇಂಜಿನಿಯರ್‌ಗಳು ತಲೆ ಕೆಡಿಸ್ಕೊಂಡಿದ್ದು ಬೆಳಕು ಹೆಚ್ಚಿಸೋಕೆ ಎಷ್ಟೋ, ಅದನ್ನ ಎದುರಿನವರ ಕಣ್ಣಿಗೆ ಬೀಳ್ದಂಗೆ ಕತ್ತರಿಸೋಕೂ ಅಷ್ಟೇ.

ನಮ್ ಊರುಗಳಲ್ಲಿ ಇದೆಲ್ಲ ನಡೆದದ್ದು ನಿಧಾನಕ್ಕೆ. ಸೈಕಲ್ಲಿಗೆ ಡೈನಮೋ ಬಂತು, ತುಳಿದಷ್ಟು ಬೆಳಕು, ನಿಂತ್ರೆ ಕತ್ತಲೆ. ಆಮೇಲೆ ಜೀಪು, ಬಸ್ಸು, ಲಾರಿ, ಮೆಟಡೋರ್. ಹಳೇ ಲಾರಿ ಬಸ್ಸುಗಳ ಹೆಡ್‌ಲೈಟ್ ಗಾಜಿನ ಮೇಲೆ ಕಪ್ಪು ಬಣ್ಣ ಬಳೀತಿದ್ದದ್ದು ನಲವತ್ತು ದಾಟಿದೋರಿಗೆ ನೆನಪಿರುತ್ತೆ. ಎದುರಿನವರಿಗೆ ಬೆಳಕು ಹೊಡೀಬಾರ್ದು ಅನ್ನೋದಕ್ಕೆ ಅದೇ ಆಗಿನ ಔಷಧಿ. ಲಾರಿ ಹಿಂದೆ ಬರೀತಿದ್ದ "ಯೂಸ್ ಡಿಪ್ಪರ್ ಅಟ್ ನೈಟ್" ಕೂಡ ಅದೇ ಮಾತು. ಇಂಗ್ಲಿಷ್ ಓದೋಕೆ ಬರದ ಡ್ರೈವರ್‌ಗೂ ಅದರ ಅರ್ಥ ಗೊತ್ತಿತ್ತು.

1971ರಲ್ಲಿ ಯುರೋಪಲ್ಲಿ ಎಚ್4 ಹ್ಯಾಲೊಜೆನ್ ಬಲ್ಬ್ ಬಂತು. ನಿಮ್ ಹಳೇ ಪಿಕಪ್ಪಲ್ಲಿ ಇರೋ 60/55 ವ್ಯಾಟ್ ಬಲ್ಬು ಅದೇ ಜಾತಿ. ಅದು ಸಾಲ್ದು ಅಂತ ನಮ್ಮೋರು 90/100 ವ್ಯಾಟ್ ಬಲ್ಬ್ ಹಾಕ್ಸಿದ ಕಾಲವೂ ಇತ್ತು. ಶಾಖ ತಡೀದೆ ಹೋಲ್ಡರ್ ಕರಗೋದು, ವೈರ್ ಸುಡೋದು, ಎದುರಿನವನು ಬಯ್ಯೋದು, ಎಲ್ಲಾ ಆಯ್ತು. ಈಗ ಎಲ್‌ಇಡಿಯಲ್ಲಿ ಅದೇ ಕಥೆಯ ಎರಡನೇ ಭಾಗ ನಡೀತಾ ಇದೆ. ವ್ಯಾಟ್ ಇಳೀತು, ಬಯ್ಗುಳ ಹಂಗೇ ಉಳೀತು.

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ರೈತನೂ ತನ್ನ ಮಾಲು ತಾನೇ ಮಾರುಕಟ್ಟೆಗೆ ಒಯ್ಯೋ ಕಾಲ ಬಂತು. ದೊಡ್ಡ ಪಿಕಪ್ಪುಗಳೂ ಬಂದವು. ಎಳನೀರು, ಬಾಳೆ, ತರಕಾರಿ, ಬೆಲ್ಲ, ರೇಷ್ಮೆ ಗೂಡು, ಎಲ್ಲವೂ ಬೆಳಕು ಹರಿಯೋ ಮುಂಚೆ ಹೊರಡಬೇಕಾದ ಮಾಲು. ಹಂಗಾಗಿ ಮಂಜಲ್ಲಿ ಗಾಡಿ ಓಡ್ಸೋದು ನಮಗೆ ಶೋಕಿಯಲ್ಲ, ಹೊಟ್ಟೆಪಾಡು. ಫಾಗ್ ಲೈಟ್ ಬಗ್ಗೆ ಹೈಕ್ಳು ಕೇಳೋದ್ರಲ್ಲಿ ನ್ಯಾಯ ಇದೆ.

ಫಾಗ್ ಲೈಟ್ ಅಂದ್ರೆ ಜೋರು ಲೈಟ್ ಅಂತ ಸುಮಾರು ಜನ ಅಂದ್ಕೊಂಡಿದಾರೆ. ಅಲ್ಲ. ಮಂಜು ಅಂದ್ರೆ ಗಾಳೀಲಿ ತೇಲೋ ನೀರಿನ ಹನಿ. ಹೈ ಬೀಮ್ ಹಾಕಿದ್ರೆ ಬೆಳಕು ಆ ಹನಿಗಳಿಗೆ ಬಡಿದು ನಮ್ ಕಣ್ಣಿಗೇ ವಾಪಸ್ ಬರುತ್ತೆ, ಮುಂದೆ ಬಿಳಿ ಗೋಡೆ ಕಟ್ಟಿದಂಗೆ ಕಾಣ್ತದೆ. ಅದ್ಕೆ ಫಾಗ್ ಲೈಟನ್ನ ಬಂಪರಿನಲ್ಲಿ, ಕಣ್ಣಿಂದ ದೂರಕ್ಕೆ, ಕೆಳಗೆ ಇಡೋದು. ಅದರ ಬೆಳಕು ಚಾಪೆ ಹಾಸಿದಂಗೆ ಅಗಲಕ್ಕೆ, ತಗ್ಗಿಗೆ ಬೀಳ್ಬೇಕು, ಮೇಲಂಚು ಕತ್ತರಿಸಿದಂಗಿರಬೇಕು. ನೋಡಿ, ಗಾಡಿ ತಳದ ಲಾಟೀನಿನ ಬುದ್ಧಿಯೇ ಇದು. ಎಡಗಡೆ ರಸ್ತೆ ಅಂಚು, ಬಲಗಡೆ ನಾಲೆ ಅಂಚು ಕಂಡ್ರೆ ಅದರ ಕೆಲಸ ಮುಗೀತು. ದೂರ ತೋರ್ಸೋದು ಅದರ ಕೆಲಸ ಅಲ್ಲವೇ ಅಲ್ಲ.

ಹಳದಿ ಬಣ್ಣಕ್ಕೂ ಒಂದು ಕಥೆ ಇದೆ. ಫ್ರಾನ್ಸ್ ದೇಶದಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ಎಲ್ಲಾ ಕಾರಿಗೂ ಹಳದಿ ಹೆಡ್‌ಲೈಟೇ ಕಡ್ಡಾಯ ಇತ್ತು. ಹಳದಿ ಬೆಳಕು ಮಂಜನ್ನ ಸೀಳ್ಕೊಂಡು ಹೋಗುತ್ತೆ ಅನ್ನೋದು ಅಷ್ಟು ನಿಜ ಅಲ್ಲ, ಮಂಜಿನ ಹನಿ ದೊಡ್ಡದು, ಎಲ್ಲಾ ಬಣ್ಣನೂ ಒಂದೇ ಥರ ಚದುರಿಸುತ್ತೆ. ಆದ್ರೆ ನೀಲಿ ಅಂಶ ಕಮ್ಮಿ ಇದ್ರೆ ಕಣ್ಣಿಗೆ ಕುಕ್ಕೋದು ಕಮ್ಮಿ, ಆಯಾಸವೂ ಕಮ್ಮಿ.

ಇನ್ನು ಎಲ್‌ಇಡಿ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದ್ರು. ಬಿಳಿ ಬೆಳಕಿಗೆ ನೀಲಿ ಎಲ್‌ಇಡಿ ಬೇಕಿತ್ತು, ಅದಕ್ಕೆ ಮೂವತ್ತು ವರ್ಷ ಹಿಡೀತು. ಜಪಾನಿನಲ್ಲಿ ಹುಟ್ಟಿದ ಅಕಾಸಾಕಿ, ಅಮಾನೊ, ನಕಮುರಾ ಅದನ್ನ ಸಾಧಿಸಿದ್ದಕ್ಕೆ 2014ರಲ್ಲಿ ಮೂವರಿಗೂ ನೊಬೆಲ್ ಬಂತು. ಬಿಳಿ ಎಲ್‌ಇಡಿ ಅಂದ್ರೆ ಒಳಗೆ ನೀಲಿ ಚಿಪ್, ಮೇಲೆ ಹಳದಿ ಲೇಪ. ಅಂಗಡೀಲಿ 6000, 6500 ಕೆಲ್ವಿನ್ ಅಂತ ಬರೆದಿರೋ ಬಲ್ಬು ನೀಲಿ ಹೊಡೆಯೋದು ಅದ್ಕೇ. ಹ್ಯಾಲೊಜೆನ್ ಸುಮಾರು 3200. ಮನೇಲಿ ಎಲ್‌ಇಡಿ ಬಲ್ಬ್ ಬಂದು ಬಿಲ್ ಇಳೀತು, ಅದು ಒಳ್ಳೇದೇ. ಆದ್ರೆ ಮನೆ ಬಲ್ಬು ಯಾವ ಕಡೆ ಹರಡಿದ್ರೂ ನಡೀತದೆ, ಗಾಡಿ ಬಲ್ಬು ಹಂಗಲ್ಲ.

ಯಾಕೆ ಅಂದ್ರೆ, ಹ್ಯಾಲೊಜೆನ್ ಲೈಟಿನ ಒಳಗಿನ ಹೊಳೆಯೋ ಬಟ್ಟಲು, ಅಂದ್ರೆ ರಿಫ್ಲೆಕ್ಟರ್, ಒಂದು ಸಣ್ಣ ತಂತಿ ಇಂಥಾ ಜಾಗದಲ್ಲೇ ಉರೀತದೆ ಅನ್ನೋ ಲೆಕ್ಕದ ಮೇಲೆ ಮಾಡಿದ್ದು. ಎಲ್‌ಇಡಿ ಬಲ್ಬಲ್ಲಿ ತಂತಿ ಇಲ್ಲ, ಎರಡು ಪಕ್ಕಕ್ಕೆ ಚಿಪ್ ಅಂಟಿರ್ತವೆ. ಬೆಳಕು ಹುಟ್ಟೋ ಜಾಗ ಸ್ವಲ್ಪ ಆಚೀಚೆ ಆದ್ರೂ ಬಟ್ಟಲು ಅದನ್ನ ಮೇಲಕ್ಕೆ ಚೆಲ್ಲುತ್ತೆ. ಗಾಡಿ ಮುಂದೆ ಬೆಳ್ಳಗೆ ಕಾಣ್ತದೆ, ಖುಷಿ ಆಗ್ತದೆ. ಎದುರಿಂದ ಬರೋ ಬೈಕಿನವನಿಗೆ ಮಾತ್ರ ಏನೂ ಕಾಣಲ್ಲ.

ಪಿಕಪ್ಪಿಗೆ ಇನ್ನೊಂದು ತೊಂದರೆ ಇದೆ, ಇದನ್ನ ಅಂಗಡಿಯವರು ಹೇಳಲ್ಲ: ಲೋಡು. ಖಾಲಿ ಗಾಡೀಲಿ ಲೈಟ್ ಕೂರಿಸಿ ಕಳಿಸ್ತಾರೆ. ಮಾಲು ತುಂಬಿದ ಕೂಡ್ಲೇ ಹಿಂದಿನ ಪಟ್ಟಾ ಕೂರುತ್ತೆ, ಮೂತಿ ಏಳುತ್ತೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 10 ಅಡಿ ಅಂತಿಟ್ಕೊಳಿ. ಹಿಂಭಾಗ 3 ಇಂಚು ಕೂತ್ರೆ, 25 ಅಡಿ ಮುಂದೆ ಬೆಳಕು ಏಳೂವರೆ ಇಂಚು ಮೇಲಕ್ಕೆ ಹೋಗುತ್ತೆ. ಫಾಗ್ ಲೈಟಿನ ಬೆಳಕಿನ ಮೇಲಂಚು 25 ಅಡಿ ದೂರದಲ್ಲಿ ಲೈಟಿನ ಎತ್ತರಕ್ಕಿಂತ 4 ಇಂಚು ಕೆಳಗಿರಬೇಕು ಅನ್ನೋದು ರೂಢಿ. ಲೋಡ್ ಆದ್ಮೇಲೆ ಅದು ಮೂರೂವರೆ ಇಂಚು ಮೇಲಿರುತ್ತೆ, ದೂರ ಹೋದಂಗೆಲ್ಲ ಇನ್ನೂ ಏರುತ್ತೆ. ಅಂದ್ರೆ ಮಾಲು ಹೊತ್ತು ಹೊರಟ ಪ್ರತಿ ಬೆಳಗ್ಗೆ ಅದು ಎದುರಿನವನ ಮುಖಕ್ಕೆ ಹಿಡಿದ ಟಾರ್ಚು.

ಕಾನೂನೂ ಇದನ್ನೇ ಹೇಳೋದು. ಕೇಂದ್ರ ಮೋಟಾರು ವಾಹನ ನಿಯಮ 1989ರ 106ನೇ ನಿಯಮದ ಪ್ರಕಾರ, 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿಂದ ಅರ್ಧ ಮೀಟರ್ ಆಚೆ, ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರೋ ಮನುಷ್ಯನಿಗೆ ಕುಕ್ಕದಂಗೆ ಬೆಳಕು ತಗ್ಗಿರಬೇಕು. ಅಲ್ಲಿ ನಿಂತಿರೋದು ಯಾರು ಅಂತ ಕಣ್ಮುಂದೆ ತಂದ್ಕೊಳಿ. ರಾತ್ರಿ ತ್ರೀಫೇಸ್ ಕರೆಂಟ್ ಬಂತು ಅಂತ ಪಂಪ್‌ಸೆಟ್ ಹಾಕೋಕೆ ಹೊರಟ ರೈತ, ಡೇರಿಗೆ ಹಾಲು ಹಾಕೋಕೆ ಹೊರಟ ಹೆಣ್ಮಗಳು. ಬೇರೆ ಯಾರೂ ಅಲ್ಲ, ನಾವೇ. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕೋ ಲೈಟಿನ ಮೇಲೆ ಕೇಸ್ ಹಾಕೋಕೆ ಶುರು ಮಾಡಿದ್ದು ಎಲ್ರಿಗೂ ಗೊತ್ತು. ದಂಡ ಕಟ್ಟಿ ಬರಬಹುದು. ಎದುರಿನವನು ಕಣ್ಣು ಕತ್ತಲಾಗಿ ನಾಲೆಗೆ ಇಳಿದ್ರೆ ಅದನ್ನ ಯಾವ ರಸೀತಿಯಲ್ಲಿ ಕಟ್ಟೋದು?

ಹಂಗಾದ್ರೆ ಎಲ್‌ಇಡಿ ಬೇಡವಾ? ಬೇಕು, ಆದ್ರೆ ಹಿಂಗೆ:

1. ಹಳೇ ಬಟ್ಟಲಿಗೆ ಎಲ್‌ಇಡಿ ಬಲ್ಬ್ ತುರುಕಬೇಡಿ. ತನ್ನದೇ ಗಾಜು, ತನ್ನದೇ ರಿಫ್ಲೆಕ್ಟರ್ ಇರೋ ಪೂರ್ತಿ ಫಾಗ್ ಲೈಟ್ ಸೆಟ್ ತಗೊಳಿ. ಗಾಜಿನ ಮೇಲೆ ದುಂಡು ಗೆರೆ ಒಳಗೆ ಇ ಅಕ್ಷರ, ಪಕ್ಕದಲ್ಲಿ ಬಿ ಅಥವಾ ಎಫ್3 ಅಂತ ಅಚ್ಚು ಇದ್ರೆ ಅದು ಫಾಗ್ ಲೈಟ್ ಅಂತಲೇ ಪರೀಕ್ಷೆ ಆಗಿರೋದು.

2. ಬಣ್ಣ 3000 ಕೆಲ್ವಿನ್ ಆಸುಪಾಸಿನ ಹಳದಿ ಇರ್ಲಿ.

3. ಕಂಪನಿ ಕೊಟ್ಟ ಜಾಗದಲ್ಲೇ, ಕಂಪನಿ ಕೊಟ್ಟ ಕನೆಕ್ಟರಿಗೇ ಕೂರಿಸಿ. 55 ವ್ಯಾಟಿನ ಎರಡು ಹ್ಯಾಲೊಜೆನ್ 12 ವೋಲ್ಟಲ್ಲಿ 9 ಆಂಪಿಯರ್ ಎಳೀತವೆ, 20 ವ್ಯಾಟಿನ ಎರಡು ಎಲ್‌ಇಡಿ ಮೂರೂವರೆಯೂ ಎಳೆಯಲ್ಲ. ವೈರ್ ಕತ್ತರಿಸೋ ಅಗತ್ಯವೇ ಇಲ್ಲ. ಕ್ಯಾಬಿನ್ ಮೇಲೆ ಲೈಟ್ ಬಾರ್ ಬೇಡ. ಕಂಪನಿ ಮಾಡಿದ ಗಾಡಿಯನ್ನ ಮನಸ್ಸಿಗೆ ಬಂದಂಗೆ ಬದಲಾಯಿಸಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

4. ಮಾಲು ತುಂಬಿ, ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ 25 ಅಡಿ ದೂರ ನಿಲ್ಸಿ. ಲೈಟಿನ ಎತ್ತರಕ್ಕೆ ಸುಣ್ಣದಲ್ಲಿ ಗೆರೆ ಎಳೀರಿ, ಅದರ 4 ಇಂಚು ಕೆಳಗೆ ಇನ್ನೊಂದು. ಬೆಳಕಿನ ಮೇಲಂಚು ಎರಡನೇ ಗೆರೆಗೆ ಬರೋ ಹಂಗೆ ಸ್ಕ್ರೂ ತಿರುಗಿಸಿ. ಖಾಲಿ ಇದ್ದಾಗ ಬೆಳಕು ಇನ್ನೂ ಹತ್ರಕ್ಕೆ ಬೀಳುತ್ತೆ, ಪರವಾಗಿಲ್ಲ.

5. ಎಲ್‌ಇಡಿ ಗಾಜು ಹ್ಯಾಲೊಜೆನ್ನಷ್ಟು ಬಿಸಿ ಆಗಲ್ಲ, ಇಬ್ಬನಿ, ಕೆಸರು ಹಂಗೇ ಅಂಟ್ಕೊಂಡಿರುತ್ತೆ. ಹೊರಡೋ ಮುಂಚೆ ಒರೆಸಿ. ಮಂಜು ಹೋದ ಮೇಲೆ ಆರಿಸಿ.

ಕೊನೇ ಮಾತು, ಇದು ಲಾಟೀನಿನ ಇನ್ನರ್ಧ ಕಥೆ. ಎಷ್ಟೇ ಒಳ್ಳೇ ಫಾಗ್ ಲೈಟ್ ಹಾಕ್ಸಿದ್ರೂ ಮುಂದೆ ಹೋಗೋ ಕಬ್ಬಿನ ಟ್ರೇಲರ್ ಹಿಂದೆ ಒಂದು ಕೆಂಪು ಚುಕ್ಕಿನೂ ಇಲ್ಲದಿದ್ರೆ ಮಂಜಲ್ಲಿ ಅದು ಕಾಣೋದು ತಡವಾಗೇ. ಹೊರಚಾಚಿದ ಕಬ್ಬು ಇದ್ದ ಟೇಲ್ ಲೈಟನ್ನೂ ಮುಚ್ಚುತ್ತೆ. ಐದು ರೂಪಾಯಿ ಸೀಮೆಎಣ್ಣೆಗೂ ಲೆಕ್ಕ ಹಾಕ್ತಿದ್ದ ನಮ್ ಹಿರೀಕರು ಗಾಡಿ ತಳಕ್ಕೆ ದೀಪ ಕಟ್ದೆ ಹೊರಡ್ತಿರಲಿಲ್ಲ. ಫಾಗ್ ಲೈಟಿಗೆ ಸಾವಿರಗಟ್ಟಲೆ ಹಾಕೋ ಮುಂಚೆ, ಮನೇಲಿರೋ ಟ್ರೇಲರಿನ ಹಿಂದಕ್ಕೆ, ಎರಡೂ ಪಕ್ಕಕ್ಕೆ ಕೆಂಪು ಹಳದಿ ರಿಫ್ಲೆಕ್ಟರ್ ಪಟ್ಟಿ ಅಂಟ್ಸಿ. ಕಬ್ಬು ಮುಚ್ಚದಂಗೆ ಒಂದು ಪಟ್ಟಿಯನ್ನ ಹಲಗೇಗೆ ಹೊಡೆದು ಕೆಳಗೆ ನೇತಾಕಿ. ಕಾರ್ಖಾನೆ ಅರೆಯೋಕೆ ಶುರುವಾದ ಮೇಲೆ ನೋಡಾಣ ಅನ್ಬೇಡಿ, ಈ ವಾರವೇ ಮಾಡಿ. ಮಾಡಿದೋರು ಫೋಟೋ ಹಾಕಿ, ಬೇರೆಯೋರೂ ನೋಡಿ ಮಾಡ್ಲಿ.